ಮೊಹಲ್ಲಾದ ಪೌರಶಿಕ್ಷಣ: ಕಲಿಸುವವರು ಮೊದಲು ಕಲಿಯಬೇಕಾದದ್ದು

ಜುಮುಅ ಖುತ್ಬಾಗಳಲ್ಲಿ ಅಮಾನತ್ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಒಪ್ಪಿಸಲ್ಪಟ್ಟದ್ದನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂಬ ಆಜ್ಞೆ ಸೂರಃ ಅನ್ನಿಸಾದ 58ನೇ ವಚನದಲ್ಲಿದೆ. ಈ ಮಾತು ಬಂದಾಗ ನಮ್ಮ ಮನಸ್ಸು ಸಾಮಾನ್ಯವಾಗಿ ಹಣ, ಒಡವೆ, ಜಮೀನಿನ ಕಡೆ ಹೋಗುತ್ತದೆ. ಆದರೆ ಒಬ್ಬರಿಗೆ ಗೊತ್ತಿದ್ದು ನೆರೆಮನೆಯವರಿಗೆ ಗೊತ್ತಿಲ್ಲದ ವಿಷಯವೂ ಅಮಾನತ್ತೇ. ಮತದಾರರ ಪಟ್ಟಿಯಲ್ಲಿ ಹೆಸರು ಹೇಗೆ ಸೇರುತ್ತದೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಏನು ಕೇಳಬಹುದು, ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿಯನ್ನು ಯಾಕೆ ಬಿಡಬಾರದು ಎಂಬುದೆಲ್ಲ ತಿಳಿದವರ ಬಳಿಯೇ ಉಳಿದುಬಿಟ್ಟರೆ ಆ ಅಮಾನತ್ ಹಕ್ಕುದಾರರಿಗೆ ತಲುಪಿದಂತಾಗುವುದಿಲ್ಲ.

ಹಿರೇಬೆಂಡಿಗೇರಿಯಲ್ಲಾಗಲಿ, ಹುಲಗೂರು, ಬಂಕಾಪುರ, ಸವಣೂರಿನ ಓಣಿಗಳಲ್ಲಾಗಲಿ ಇಂಥ ವಿಷಯ ಬಲ್ಲ ಒಬ್ಬಿಬ್ಬರು ಹುಡುಗರು ಇದ್ದೇ ಇರುತ್ತಾರೆ. ಕೈಯಲ್ಲಿ ಒಳ್ಳೆಯ ಮೊಬೈಲು, ಕನ್ನಡ ಇಂಗ್ಲಿಷ್ ಎರಡೂ ಓದಲು ಬರುತ್ತದೆ, ಶಿಗ್ಗಾವಿಯ ತಹಶೀಲ್ದಾರ್ ಕಚೇರಿಯಲ್ಲಿ ಯಾವ ಟೇಬಲ್ಲಿಗೆ ಹೋಗಬೇಕೆಂಬುದೂ ಗೊತ್ತು. ಅಸರ್ ನಮಾಝ್ ಮುಗಿಸಿ ಹೊರಬರುವಷ್ಟರಲ್ಲಿ ಇಬ್ಬರು ಮೂವರು ಕಾಗದ ಹಿಡಿದು ಕಾಯುತ್ತಿರುತ್ತಾರೆ. ಈ ಹುಡುಗರು ಮಾಡುತ್ತಿರುವುದು ದೊಡ್ಡ ಸೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಪ್ರಶ್ನೆ ಕೇಳಬೇಕಾಗಿದೆ. ಹತ್ತು ವರ್ಷದಿಂದ ಅರ್ಜಿ ತುಂಬಿಸಿಕೊಳ್ಳುತ್ತಿರುವ ಖಾಲಾ ಇವತ್ತೂ ಅದೇ ಅರ್ಜಿ ಹಿಡಿದು ಅದೇ ಹುಡುಗನ ಮನೆ ಬಾಗಿಲಿಗೆ ಬರುತ್ತಿದ್ದಾರೆಂದರೆ ಆ ಹತ್ತು ವರ್ಷದಲ್ಲಿ ಅವರು ಕಲಿತದ್ದೇನು? ಹುಡುಗ ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋದರೆ ಅವರ ಗತಿಯೇನು? ಆಗ ಅವರು ದುಡ್ಡು ಕೊಟ್ಟು ಏಜೆಂಟನನ್ನು ಹಿಡಿಯುತ್ತಾರೆ.

ಅರ್ಜಿ ತುಂಬುವುದು ಬೇರೆ, ಕಲಿಸುವುದು ಬೇರೆ. ಎರಡನೆಯದಕ್ಕೆ ತಯಾರಿ ಬೇಕು. ಶಾಲೆಯ ಹೊರಗೆ, ಪರೀಕ್ಷೆ ಪ್ರಮಾಣಪತ್ರಗಳಿಲ್ಲದೆ, ಊರಿನವರಿಗೆ ನಾಗರಿಕರಾಗಿ ಬದುಕುವ ವಿಷಯ ಕಲಿಸುವುದನ್ನು ಅನೌಪಚಾರಿಕ ಪೌರಶಿಕ್ಷಣ ಎನ್ನುತ್ತಾರೆ. ಹೆಸರು ಭಾರವಾಗಿದೆ, ಕೆಲಸ ಸರಳ. ಆದರೆ ಶಾಲೆಯಲ್ಲಿ ಪಾಠ ಬೇಸರವಾದರೂ ಮಕ್ಕಳು ಕುಳಿತಿರಬೇಕಾಗುತ್ತದೆ, ಇಲ್ಲಿ ಬೇಸರವಾದವರು ನಾಳೆ ಬರುವುದೇ ಇಲ್ಲ. ದಿನವಿಡೀ ಗೋವಿನಜೋಳದ ಹೊಲದಲ್ಲಿ ದುಡಿದು ಬಂದವರನ್ನು, ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದವರನ್ನು ಅರ್ಧ ಗಂಟೆ ಕೂರಿಸಿಕೊಳ್ಳಬೇಕಾದರೆ ಕಲಿಸುವವರಿಗೆ ವಿಶೇಷ ಕೌಶಲ ಬೇಕೇ ಬೇಕು.

ಪ್ರವಾದಿಯವರ(ಸ) ಕಲಿಸುವ ರೀತಿ

ಈ ಕೌಶಲಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಒಬ್ಬ ಹಳ್ಳಿಗ ಬಂದು ಅರಿಯದೆ ಮಸೀದಿಯ ಒಂದು ಮೂಲೆಯಲ್ಲಿ ಮೂತ್ರ ಮಾಡಿದ ಪ್ರಸಂಗ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸಹಾಬಿಗಳು ಸಿಟ್ಟಾಗಿ ಅವನ ಕಡೆ ನುಗ್ಗಿದರು. ಪ್ರವಾದಿಯವರು(ಸ) ಅವರನ್ನು ತಡೆದರು, ಅವನು ಮುಗಿಸುವ ತನಕ ಬಿಟ್ಟರು, ಆಮೇಲೆ ಆ ಜಾಗಕ್ಕೆ ಒಂದು ಬಕೆಟ್ ನೀರು ಹಾಕಿಸಿದರು, ಅವನನ್ನು ಹತ್ತಿರ ಕರೆದು ಮಸೀದಿ ಯಾತಕ್ಕಾಗಿ ಇದೆ ಎಂದು ಮೆತ್ತಗೆ ತಿಳಿಸಿದರು. ತಪ್ಪು ಮಾಡಿದವನಿಗೆ ನಾಚಿಕೆ ಹುಟ್ಟಿಸದೆ ತಿಳಿವಳಿಕೆ ಕೊಡುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ತರಬೇತಿ ಕೈಪಿಡಿಯಲ್ಲಿದೆ? ನಮ್ಮಲ್ಲಿ ಆಗುವುದು ಹೆಚ್ಚಾಗಿ ಇದರ ಉಲ್ಟಾ. "ಇಷ್ಟೂ ಗೊತ್ತಿಲ್ಲೇನ್ರಿ ಚಾಚಾ, ಸಹಿ ಎಲ್ಲಿ ಮಾಡ್ಬೇಕಂತ?" ಎಂದು ನಾಲ್ಕು ಜನರೆದುರು ಕೇಳಿಬಿಡುತ್ತೇವೆ. ಅರವತ್ತರ ವಯಸ್ಸಿನವರು ಆ ಮಾತು ಕೇಳಿದ ಮೇಲೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ.

ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಗುರುವಾರಕ್ಕೊಮ್ಮೆ ಜನರಿಗೆ ಉಪದೇಶ ಮಾಡುತ್ತಿದ್ದರು. ದಿನವೂ ಮಾಡಿ ಎಂದು ಒಬ್ಬರು ಕೇಳಿದಾಗ ಅವರು ಒಪ್ಪಲಿಲ್ಲ. ಕೇಳುವವರಿಗೆ ಬೇಸರವಾಗಬಾರದೆಂದು ಪ್ರವಾದಿಯವರೂ(ಸ) ಬಿಡುವು ಕೊಟ್ಟೇ ಕಲಿಸುತ್ತಿದ್ದರೆಂದು ಕಾರಣ ಹೇಳಿದರು. ಪ್ರವಾದಿಯವರು(ಸ) ಮುಖ್ಯ ಮಾತನ್ನು ಅರ್ಥವಾಗುವಂತೆ ಮೂರು ಸಲ ಹೇಳುತ್ತಿದ್ದರೆಂಬುದೂ ಹದೀಸಿನಲ್ಲಿದೆ. ಒಂದು ಸಂಜೆಗೆ ಒಂದೇ ವಿಷಯ, ಅದನ್ನೇ ತಿರುಗಿಸಿ ಮೂರು ಸಲ: ಕಲಿಸಲು ಹೊರಟ ನಮ್ಮ ಹುಡುಗ ಹುಡುಗಿಯರು ಇಷ್ಟನ್ನು ಪಾಲಿಸಿದರೂ ಸಾಕು, ಅರ್ಧ ಕೆಲಸ ಆದಂತೆ. ಒಂದೇ ದಿನ ಸಂವಿಧಾನ, ಪಂಚಾಯತಿ, ಪಿಂಚಣಿ, ಶಿಷ್ಯವೇತನ ಎಲ್ಲವನ್ನೂ ಹೇಳಿ ಮುಗಿಸಿ ಫೋಟೋ ತೆಗೆಸಿಕೊಂಡು ಹೋಗುವ 'ಜಾಗೃತಿ ಶಿಬಿರ'ಗಳಿಂದ ಏನೂ ಉಳಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಬದ್ರ್ ಯುದ್ಧದ ನಂತರ, ಓದು ಬರಹ ಬಲ್ಲ ಕೆಲವು ಸೆರೆಯಾಳುಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದದ್ದು ಸೀರತ್ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಕಲಿಸಲು ಬಂದವರು ಮುಸಲ್ಮಾನರಾಗಿರಲಿಲ್ಲ. ಆದ್ದರಿಂದ ನಮ್ಮ ಮಕ್ಕಳಿಗೆ ಪಂಚಾಯತಿ ಕಾನೂನು ಹೇಳಿಕೊಡಲು ಊರಿನ ನಿವೃತ್ತ ಕಾರ್ಯದರ್ಶಿಯೊಬ್ಬರನ್ನೋ, ಪಕ್ಕದ ಓಣಿಯ ಅಂಗನವಾಡಿ ಅಕ್ಕನನ್ನೋ ಕರೆಯಲು ಹಿಂದೆ ಮುಂದೆ ನೋಡಬೇಕಾಗಿಲ್ಲ.

ಮಾಸ್ತರಲ್ಲದವರನ್ನು ಆರಿಸಿದರು

ಹೊರಗಿನ ಒಂದು ಉದಾಹರಣೆ ಹೇಳಲೇಬೇಕು. ಕಲಿಸುವವರನ್ನು ಹೇಗೆ ಆರಿಸಬೇಕು, ಹೇಗೆ ತಯಾರು ಮಾಡಬೇಕು ಎಂಬುದು ಅದರಲ್ಲಿದೆ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ ಜಾನ್ಸ್ ದ್ವೀಪ ಎಂಬ ಊರು. 1950ರ ದಶಕದಲ್ಲಿ ಅಲ್ಲಿನ ಕರಿಯ ಜನ ಮತದಾರರಾಗಬೇಕಾದರೆ ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯೆದುರು ಓದಿ ತೋರಿಸಬೇಕಿತ್ತು. ಓದು ಬಾರದವರಿಗೆ ಮತವಿಲ್ಲ. ಇಸಾ ಜೆಂಕಿನ್ಸ್ ಎಂಬವರು ತಮ್ಮ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರಿಗೆ ದಾರಿಯಲ್ಲೇ ಆ ಭಾಗವನ್ನು ಹೇಳಿಕೊಡುತ್ತಿದ್ದರು. ಬಸ್ಸಿನಲ್ಲಿ ಕಲಿತದ್ದು ಸಾಲದೆಂದು ಕಂಡಾಗ ಟೆನೆಸ್ಸಿ ರಾಜ್ಯದ ಹೈಲ್ಯಾಂಡರ್ ಎಂಬ ಜನಶಾಲೆಯ ನೆರವು ಕೇಳಿದರು. ಅಲ್ಲಿದ್ದ ಸೆಪ್ಟಿಮಾ ಕ್ಲಾರ್ಕ್ ಅನುಭವಿ ಶಿಕ್ಷಕಿ. ಆದರೂ ತರಗತಿ ನಡೆಸಲು ಅವರು ಆರಿಸಿದ್ದು ತಮ್ಮ ಸಂಬಂಧಿ ಬರ್ನೀಸ್ ರಾಬಿನ್ಸನ್ ಅವರನ್ನು. ಅವರ ಕಸುಬು ಕೇಶಾಲಂಕಾರ ಮತ್ತು ಬಟ್ಟೆ ಹೊಲಿಗೆ.

ಮಾಸ್ತರಿಕೆ ಗೊತ್ತಿಲ್ಲದವರನ್ನು ಬೇಕೆಂದೇ ಆರಿಸಿದ್ದರು. ಅವರು ಜನರ ಮಾತನ್ನು ಕೇಳಿಸಿಕೊಳ್ಳಬಲ್ಲವರು, ಎತ್ತರದಲ್ಲಿ ನಿಂತು ಮಾತಾಡುವವರಲ್ಲ. ಇನ್ನೊಂದು ಕಾರಣವೂ ಇತ್ತು. ಅವರ ಗಿರಾಕಿಗಳೆಲ್ಲ ತಮ್ಮದೇ ಜನ, ಹಾಗಾಗಿ ಯಾವ ಸಾಹುಕಾರನೂ ಅವರ ಹೊಟ್ಟೆಪಾಡಿನ ಮೇಲೆ ಕೈ ಹಾಕುವಂತಿರಲಿಲ್ಲ. 1957ರ ಜನವರಿ 7ರಂದು ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತರಗತಿ ಶುರುವಾಯಿತು. ಬಂದವರು 14 ಜನ. ರಾಬಿನ್ಸನ್ ಮೊದಲು ಪ್ರಾಥಮಿಕ ಶಾಲೆಯ ಮಕ್ಕಳ ಪಾಠಗಳನ್ನು ತಂದಿದ್ದರು. ದೊಡ್ಡವರಿಗೆ ಅದು ಹೊಂದುವುದಿಲ್ಲವೆಂದು ಕಂಡು ಬದಿಗಿಟ್ಟರು. ಏನು ಕಲಿಯಬೇಕೆಂದಿದ್ದೀರಿ ಎಂದು ಅವರನ್ನೇ ಕೇಳಿದರು. ಒಬ್ಬರಿಗೆ ತಮ್ಮ ಹೆಸರು ಬರೆಯಬೇಕಿತ್ತು, ಇನ್ನೊಬ್ಬರಿಗೆ ಮನಿಆರ್ಡರ್ ಫಾರ್ಮು ತುಂಬಬೇಕಿತ್ತು, ಮತ್ತೊಬ್ಬರಿಗೆ ಬೈಬಲ್ ಓದಬೇಕಿತ್ತು. ಅಲ್ಲಿಂದ ಪಾಠ ಆರಂಭ. ಮತದಾರರ ನೋಂದಣಿಯ ಓದು ಅದರ ಬೆನ್ನಿಗೆ ಬಂತು. ಆ ತರಗತಿಯಲ್ಲಿ ಕಲಿತು ಮತದಾರರಾದವರನ್ನು ನೋಡಿ ಪಕ್ಕದ ದ್ವೀಪಗಳವರೂ ಶಾಲೆ ಕೇಳಿದರು. 1961ರಿಂದ ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಇಂಥ ಶಿಕ್ಷಕರಿಗೆ ತರಬೇತಿ ನಡೆಯಿತು. ಬಂದವರು ಊರೂರಿನ ಸಾಮಾನ್ಯ ಜನ, ಮರಳಿ ಹೋಗಿ ತಮ್ಮ ತಮ್ಮ ಊರಿನಲ್ಲಿ ಕಲಿಸಿದರು.

ನಮ್ಮ ಊರಿನಲ್ಲಿ ಅಂಥವರು ಯಾರಿದ್ದಾರೆಂದು ಕಣ್ಣು ಹಾಯಿಸಿ ನೋಡೋಣ. ಎಲ್ಲರ ಮನೆಗೆ ಹೋಗಿ ಬರುವ ಆಶಾ ಕಾರ್ಯಕರ್ತೆ, ಹತ್ತು ಹೆಂಗಸರು ಬಂದು ಕೂರುವ ಟೇಲರಿಂಗ್ ಅಂಗಡಿಯ ಆಪಾ, ಗ್ಯಾರೇಜಿನ ಹುಡುಗ, ಮಕ್ತಬಿನಲ್ಲಿ ಮಕ್ಕಳಿಗೆ ಖಾಯಿದಾ ಹೇಳಿಕೊಡುವ ಯುವ ಹಾಫಿಝ್. ನಿವೃತ್ತ ಮಾಸ್ತರರನ್ನು ನಾವು ಬೇಡವೆನ್ನುತ್ತಿಲ್ಲ, ಅವರು ಬೇಸರ ಮಾಡಿಕೊಳ್ಳಬಾರದು. ಮೂವತ್ತು ವರ್ಷ ಮಕ್ಕಳಿಗೆ 'ಕೈ ಕಟ್ಟಿ ಕೂಡ್ರಿ' ಎಂದು ಹೇಳಿ ಅಭ್ಯಾಸವಾದವರು ಆ ಅಭ್ಯಾಸವನ್ನು ಮನೆಯಲ್ಲಿ ಬಿಟ್ಟು ಬರಬೇಕಾಗುತ್ತದೆ, ಅಷ್ಟೆ. ನಮ್ಮ ಶಿಗ್ಗಾವಿ ತಾಲೂಕಿನವರೇ ಆದ ಶಿಶುನಾಳದ ಶರೀಫ್ ಸಾಹೇಬರು ಕೂಡ ಕೆಲಕಾಲ ಸರಕಾರಿ ಶಾಲೆಯ ಮಾಸ್ತರರಾಗಿದ್ದವರು. ಜನ ಅವರನ್ನು ನೆನೆಯುವುದು ಶಾಲೆ ಬಿಟ್ಟ ಮೇಲೆ ಜನರ ನಡುವೆ, ಜನರ ಮಾತಿನಲ್ಲೇ ಹೇಳಿದ್ದಕ್ಕಾಗಿ.

ಮಾತಿನ ವಿಷಯ ಬಂದದ್ದರಿಂದ ಇನ್ನೊಂದು ಸಂಗತಿ. ನಮ್ಮ ಮನೆಗಳಲ್ಲಿ ದಖ್ಖನಿ, ಹೊಲದಲ್ಲಿ ಅಂಗಡಿಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಇನ್ನೊಂದು ಬಗೆಯ ಕನ್ನಡ. 'ನಡಾವಳಿ', 'ಕ್ರಿಯಾಯೋಜನೆ', 'ಸ್ವೀಕೃತಿ', 'ಮೇಲ್ಮನವಿ' ಎಂಬ ಮಾತುಗಳನ್ನು ಕೇಳಿದರೆ ಕನ್ನಡ ಚೆನ್ನಾಗಿ ಬಲ್ಲ ಹಿರಿಯರೂ ಸುಮ್ಮನಾಗುತ್ತಾರೆ. ಕಲಿಸುವವರು ಈ ಮೂರರ ನಡುವೆ ಓಡಾಡಬಲ್ಲವರಾಗಿರಬೇಕು. ನಡಾವಳಿ ಎಂದರೆ ಸಭೆಯಲ್ಲಿ ಆಡಿದ್ದನ್ನು ಬರೆದಿಡುವ ಪುಸ್ತಕ ಎಂದು ದಖ್ಖನಿಯಲ್ಲಿ ಹೇಳಿ, ಕೊನೆಗೆ 'ನಡಾವಳಿ' ಎಂಬ ಮಾತನ್ನೇ ಅವರ ಬಾಯಿಂದ ಹೇಳಿಸಬೇಕು. ಕಚೇರಿಯಲ್ಲಿ ಅವರು ಬಳಸಬೇಕಾದದ್ದು ಆ ಪದವನ್ನೇ ತಾನೆ?

ವಿಷಯ ಖಚಿತವಾಗಿ ಗೊತ್ತಿರಬೇಕು

ಒಳ್ಳೆಯ ಮನಸ್ಸೊಂದೇ ಸಾಲದು. ತಪ್ಪು ಹೇಳಿಕೊಟ್ಟರೆ ಹಾನಿ. ಒಂದು ಉದಾಹರಣೆ ನೋಡಿ. ಸವಣೂರಿನ ಹುಡುಗಿ ಮದುವೆಯಾಗಿ ಹಿರೇಬೆಂಡಿಗೇರಿಗೆ ಬರುತ್ತಾಳೆ. ತವರಿನ ಮತದಾರರ ಪಟ್ಟಿಯಲ್ಲಿ ಅವಳ ಹೆಸರಿದೆ. ಇಲ್ಲಿ ಹೆಸರು ಸೇರಿಸಲು ಯಾವ ಫಾರ್ಮು? 'ಹೊಸದಾಗಿ ಸೇರಿಸುವುದಲ್ಲವೇ, ನಮೂನೆ 6' ಎಂದು ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ. ಮೊದಲ ಸಲ ಮತದಾರರಾಗುವವರಿಗೆ ನಮೂನೆ 6. ವಿಳಾಸ ಬದಲಾದವರಿಗೆ, ಹೆಸರಿನಲ್ಲಿ ತಪ್ಪಿದ್ದವರಿಗೆ, ಗುರುತಿನ ಚೀಟಿ ಕಳೆದುಕೊಂಡವರಿಗೆ ನಮೂನೆ 8. ಹೆಸರು ತೆಗೆಸಲು ಅಥವಾ ಆಕ್ಷೇಪಿಸಲು ನಮೂನೆ 7. ತವರಿನ ಹೆಸರು ಇದ್ದಂತೆಯೇ ನಮೂನೆ 6 ತುಂಬಿದರೆ ಎರಡು ಕಡೆ ಹೆಸರಾಗುತ್ತದೆ. ಒಬ್ಬರ ಹೆಸರು ಎರಡು ಕಡೆ ಇರುವುದನ್ನು ಕಾನೂನು ಒಪ್ಪುವುದಿಲ್ಲ. ಅದಲ್ಲದೆ ಬೇರೆಲ್ಲೂ ಹೆಸರಿಲ್ಲವೆಂದು ಸಹಿ ಮಾಡಿ ಕೊಟ್ಟ ಘೋಷಣೆ ಸುಳ್ಳಾಗುತ್ತದೆ. ಆ ಹುಡುಗಿಗೆ ಇದೊಂದೂ ಗೊತ್ತಿರುವುದಿಲ್ಲ, ಹೇಳಿದಲ್ಲಿ ಸಹಿ ಹಾಕಿರುತ್ತಾಳೆ.

ಹೆಸರಿನ ಅಕ್ಷರಗಳ ಗೋಳು ನಮ್ಮ ಮನೆಮನೆಯದ್ದು. ಶಾಲೆಯ ದಾಖಲೆಯಲ್ಲಿ ಮಾಬುಸಾಬ, ರೇಶನ್ ಕಾರ್ಡಿನಲ್ಲಿ ಮಹಬೂಬಸಾಬ, ಆಧಾರಿನಲ್ಲಿ ಮೆಹಬೂಬ್ ಸಾಬ್. ಅಡ್ಡಹೆಸರು ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ತಂದೆಯ ಹೆಸರು ಮುಂದೋ ಹಿಂದೋ. ಹೆಣ್ಣುಮಕ್ಕಳ ಹೆಸರಿನಲ್ಲಂತೂ ಬಿ, ಬೀ, ಬೇಗಂ, ಬಾನು ಎಂದು ಕಾಗದಕ್ಕೊಂದು ರೂಪ. ಕಲಿಸುವವರು ಈ ಒಂದೇ ವಿಷಯವನ್ನು ಒಂದು ಪೂರ್ತಿ ಸಂಜೆ ತೆಗೆದುಕೊಳ್ಳಬೇಕು. ಪ್ರತಿ ಮನೆಯವರೂ ತಮ್ಮ ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಸಾಲಾಗಿ ಹಾಸಿ, ಹೆಸರು ಎಲ್ಲಿ ಹೇಗಿದೆ ಎಂದು ತಾವೇ ಓದಿ ಹೇಳಬೇಕು. ಯಾವುದನ್ನು ಮೂಲವೆಂದು ಇಟ್ಟುಕೊಂಡು ಉಳಿದದ್ದನ್ನು ತಿದ್ದಿಸಬೇಕೆಂದು ಮನೆಯವರೇ ಕೂಡಿ ತೀರ್ಮಾನಿಸಬೇಕು. ಹುಟ್ಟಿದ ಮಗುವಿನ ವಿಷಯದಲ್ಲಿ ಈ ಗೋಳನ್ನು ಮೊದಲೇ ತಪ್ಪಿಸಬಹುದು. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಅಖೀಖಾ ಆಗಿ ಹೆಸರಿಟ್ಟ ಮೇಲೆ ಆ ಹೆಸರನ್ನು ಸರಿಯಾದ ಅಕ್ಷರಗಳಲ್ಲಿ ಅದೇ ದಾಖಲೆಗೆ ಸೇರಿಸಿದರೆ ಮುಂದಿನ ಕಾಗದಗಳೆಲ್ಲ ಅದನ್ನೇ ಹಿಡಿದು ಬರುತ್ತವೆ. 2023ರ ಅಕ್ಟೋಬರ್ 1ರಿಂದ ಹುಟ್ಟುವ ಮಕ್ಕಳಿಗೆ ಶಾಲೆ ಪ್ರವೇಶ, ಮತದಾರರ ಪಟ್ಟಿ ಮುಂತಾದವಕ್ಕೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳದ ಆಧಾರವಾಗಿರುವುದರಿಂದ ಇದು ಚಿಕ್ಕ ಮಾತಲ್ಲ.

ಮಾಹಿತಿ ಹಕ್ಕಿನ ಅರ್ಜಿಯೂ ಹೀಗೆಯೇ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಎಂಬಷ್ಟು ಬಹಳ ಜನರಿಗೆ ಗೊತ್ತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಎಂಬುದು ಗೊತ್ತಿರುವುದಿಲ್ಲ. ಸಕಾಲ ಕಾಯ್ದೆ 2011ರದ್ದು. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಹೇಳಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು. ಆದರೆ ಆ ಚೀಟಿ ಕೈಯಲ್ಲಿದ್ದವರ ಕಾಗದಕ್ಕೆ ದಿನಾಂಕವಿರುತ್ತದೆ, 'ನಾಳೆ ಬರ್ರಿ' ಎಂದು ಸುಮ್ಮನೆ ಕಳಿಸಲು ಬರುವುದಿಲ್ಲ.

ಎಲ್ಲವೂ ಎಲ್ಲರಿಗೂ ಗೊತ್ತಿರಲು ಸಾಧ್ಯವಿಲ್ಲ. ನಿಯಮಗಳೂ ಬದಲಾಗುತ್ತಲೇ ಇರುತ್ತವೆ. ಆದ್ದರಿಂದ 'ನನಗೆ ಗೊತ್ತಿಲ್ಲ, ಕೇಳಿ ಬಂದು ಹೇಳುತ್ತೇನೆ' ಎನ್ನುವುದೂ ಒಂದು ಕೌಶಲವೇ. ಇಮಾಮ್ ಮಾಲಿಕ್(ರಹ್ಮತುಲ್ಲಾಹಿ ಅಲೈಹಿ) ಅಷ್ಟು ದೊಡ್ಡ ವಿದ್ವಾಂಸರಾಗಿದ್ದರೂ ದೂರದಿಂದ ಬಂದವರ ಅನೇಕ ಪ್ರಶ್ನೆಗಳಿಗೆ ಗೊತ್ತಿಲ್ಲವೆಂದು ಹೇಳಿ ಕಳಿಸುತ್ತಿದ್ದರೆಂದು ಪ್ರಸಿದ್ಧವಾಗಿದೆ. ವಾಟ್ಸಾಪಿನಲ್ಲಿ ಬಂದದ್ದನ್ನೇ ಕಾನೂನೆಂದು ಸಾರುವ ನಮ್ಮ ಈ ಕಾಲಕ್ಕೆ ಅದು ಬೇಕಾದ ಗುಣ.

ನಜೀರ್‌ಸಾಬ್ ತೆರೆದ ಬಾಗಿಲು

ಗ್ರಾಮಸಭೆಯ ವಿಷಯ ಕಲಿಸುವವರು ಅಬ್ದುಲ್ ನಜೀರ್‌ಸಾಬ್ ಅವರ ಹೆಸರನ್ನು ಮಕ್ಕಳಿಗೆ ಹೇಳದೆ ಮುಂದೆ ಹೋಗಬಾರದು. ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್‌ಸಾಬ್' ಎಂದರು. ಅಧಿಕಾರವನ್ನು ಬೆಂಗಳೂರಿನಿಂದ ಹಳ್ಳಿಗೆ ಇಳಿಸಿದ 1983ರ ಪಂಚಾಯತಿ ಕಾಯ್ದೆಯ ಹಿಂದೆಯೂ ಅವರೇ ಇದ್ದರು. 1987ರ ಜನವರಿಯಲ್ಲಿ ಅದರಂತೆ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ಶೇ. 25ರಷ್ಟು ಸ್ಥಾನ ಮೀಸಲಿತ್ತು. ಮರುವರ್ಷ ಅವರು ತೀರಿಕೊಂಡರು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ಇಡೀ ದೇಶಕ್ಕಿಂತ ಕರ್ನಾಟಕ ಆರು ವರ್ಷ ಮುಂದಿತ್ತು. 2010ರಿಂದ ನಮ್ಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದ್ದು.

ಕಾನೂನು ಕುರ್ಚಿ ಕೊಟ್ಟಿತು, ಕುಳಿತು ಮಾತಾಡುವುದನ್ನು ಕಲಿಸುವವರು ಬೇಕಾಯಿತು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅಬ್ದುಲ್ ನಜೀರ್‌ಸಾಬ್ ಅವರ ಹೆಸರನ್ನೇ ಇಟ್ಟಿದ್ದಾರೆ. ಪಂಚಾಯತಿ ಸದಸ್ಯರಿಗೆ ಅಲ್ಲಿಂದ ಉಪಗ್ರಹದ ಮೂಲಕ ತರಬೇತಿ ನಡೆಯುತ್ತಾ ಬಂದಿದೆ. ಮೈಸೂರಿನ ಸ್ಟುಡಿಯೋದಲ್ಲಿ ತಜ್ಞರು ಮಾತಾಡುತ್ತಾರೆ, ತಾಲೂಕು ಕೇಂದ್ರಗಳಲ್ಲಿ ಸದಸ್ಯರು ತೆರೆಯ ಮೇಲೆ ನೋಡಿ ಪ್ರಶ್ನೆ ಕೇಳುತ್ತಾರೆ. ತೆರೆಯ ಜೊತೆಗೆ ಕೋಣೆಯೊಳಗೆ ಸಂಪನ್ಮೂಲ ವ್ಯಕ್ತಿಗಳನ್ನೂ ಇಡುತ್ತಾರೆ. ಇದು ಗಮನಿಸಬೇಕಾದ ಮಾತು. ಮಾಹಿತಿ ತೆರೆಯಿಂದ ಬರುತ್ತದೆ. ಹಿಂದಿನ ಸಾಲಿನಲ್ಲಿ ಸೆರಗು ಬಿಗಿಹಿಡಿದು ಕುಳಿತ ಹೊಸ ಸದಸ್ಯೆಯನ್ನು 'ನಿಮ್ಮ ವಾರ್ಡಿನಲ್ಲಿ ಹೇಗಿದೆ ಅಕ್ಕಾ?' ಎಂದು ಕೇಳಿ ಮಾತಾಡಿಸಲು ಆ ಕೋಣೆಯಲ್ಲೇ ಒಬ್ಬ ಮನುಷ್ಯ ಬೇಕು. ಯೂಟ್ಯೂಬಿನಲ್ಲಿ ಎಲ್ಲವೂ ಇದೆ, ತರಗತಿ ಯಾಕೆ ಎಂದು ಕೇಳುವ ನಮ್ಮ ಯುವಕರಿಗೆ ಇದೇ ಉತ್ತರ.

1989ರಲ್ಲಿ ಬಿಜಾಪುರ, ಬೀದರ್ ಕಡೆ ಶುರುವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಸಹಯೋಗಿನಿಯರೂ ಹೀಗೆಯೇ ಊರೂರು ತಿರುಗಿ ಹೆಣ್ಣುಮಕ್ಕಳನ್ನು ಕೂಡಿಸಿದವರು. ಅವರ ಕೈಯಲ್ಲಿ ಹಂಚಲು ಸಾಲವಿರಲಿಲ್ಲ, ಸೀರೆ ಇರಲಿಲ್ಲ. ಸಂಘದ ಹೆಂಗಸರು ಏನು ಮಾತಾಡಬೇಕೆಂದು ತಾವೇ ತೀರ್ಮಾನಿಸುವ ತನಕ ತಾಳ್ಮೆಯಿಂದ ಕೂರುವುದೇ ಅವರಿಗಿದ್ದ ತರಬೇತಿಯ ಮುಖ್ಯ ಭಾಗ.

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಹದೀಸನ್ನು ಇಲ್ಲಿ ನೆನೆಯಬೇಕು. ಗಂಡಸರೇ ನಿಮ್ಮ ಸಮಯವನ್ನೆಲ್ಲ ತೆಗೆದುಕೊಳ್ಳುತ್ತಾರೆ, ನಮಗೂ ಒಂದು ದಿನ ಕೊಡಿ ಎಂದು ಹೆಂಗಸರು ಪ್ರವಾದಿಯವರನ್ನು(ಸ) ಕೇಳಿದರು, ಅವರು ದಿನ ಗೊತ್ತುಮಾಡಿ ಕೊಟ್ಟರು. ಕೇಳಿದವರು ಹೆಂಗಸರೇ ಎಂಬುದನ್ನು ಮರೆಯಬಾರದು. ಆದ್ದರಿಂದ ತಯಾರಾಗುವ ಗುಂಪಿನಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ಇರಲಿ. ಅವರ ತರಗತಿ ಅವರಿಗೆ ಬಿಡುವಿರುವ ಹೊತ್ತಿಗೆ, ಝುಹರ್ ಮತ್ತು ಅಸರ್ ನಡುವೆ, ಅವರು ಸಲೀಸಾಗಿ ಬರುವ ಮನೆಯಲ್ಲಿ ನಡೆಯಲಿ.

ಪಕ್ಷ ಬೇಡ, ಒಟಿಪಿ ಬೇಡ

ಕಲಿಸುವವರ ಮೇಲೆ ಊರಿನ ನಂಬಿಕೆ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ನಂಬಿಕೆ ಕೆಡುವುದು ಎರಡು ದಾರಿಯಿಂದ. ಮೊದಲನೆಯದು ಪಕ್ಷ. ಮತ ಹಾಕುವುದು ಹೇಗೆಂದು ಕಲಿಸಬೇಕು, ಯಾರಿಗೆಂದು ಹೇಳಬಾರದು. ಚುನಾವಣೆ ಹತ್ತಿರ ಬಂದಾಗ ಹಾರ ಶಾಲು ಹಿಡಿದು ಬರುವವರು ಇಂಥ ತರಗತಿಯನ್ನು ಮೊದಲು ಹುಡುಕುತ್ತಾರೆ, ಐವತ್ತು ಜನ ಒಂದೇ ಕಡೆ ಸಿಗುತ್ತಾರಲ್ಲ. ಅವರಿಗೆ ಗೌರವದಿಂದಲೇ ಇಲ್ಲವೆನ್ನಲು ಬರಬೇಕು. ಧಾರ್ಮಿಕ ಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ನಿಷೇಧಿಸುತ್ತದೆ ಎಂಬುದು ಜಮಾಅತ್ ಕಮಿಟಿಯವರಿಗೂ ಗೊತ್ತಿರಬೇಕು. ತರಗತಿಗೆ ಶಾಲೆಯ ಕೋಣೆಯೋ ಗ್ರಾಮ ಪಂಚಾಯತಿಯ ಅರಿವು ಕೇಂದ್ರವೋ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಬೇರೆ ಓಣಿಯವರೂ ಬಂದು ಕೂರುತ್ತಾರೆ. ಚರಂಡಿ ನಮ್ಮ ಓಣಿಯಲ್ಲಿ ಶುರುವಾಗಿ ಅವರ ಓಣಿಯಲ್ಲಿ ಮುಗಿಯುತ್ತದೆ, ನೀರಿನ ಟ್ಯಾಂಕು ಒಂದೇ. ನೆರೆಯವರ ಹಕ್ಕಿನ ಬಗ್ಗೆ ಖುತ್ಬಾ ಕೇಳಿದವರು ಗ್ರಾಮಸಭೆಯಲ್ಲಿ ಖಬರಸ್ತಾನದ ದಾರಿಯನ್ನು ಮಾತ್ರ ಕೇಳಿ ಕೂತುಬಿಟ್ಟರೆ ಅದು ಅರ್ಧ ಪೌರಶಿಕ್ಷಣ.

ಎರಡನೆಯದು ಜನರ ಗುಟ್ಟು. ಯಾರಿಗೆ ಎಷ್ಟು ಸಾಲವಿದೆ, ಯಾರ ಮಗಳು ತವರಿಗೆ ಬಂದು ಕೂತಿದ್ದಾಳೆ, ಯಾರ ರೇಶನ್ ಕಾರ್ಡು ರದ್ದಾಗಿದೆ ಎಂಬುದೆಲ್ಲ ಕಾಗದ ನೋಡುವವರಿಗೆ ತಿಳಿಯುತ್ತದೆ. ಅದು ಚಹಾದ ಅಂಗಡಿಗೆ ಹೋಗಬಾರದು. ಆಧಾರ್ ಪ್ರತಿಗಳನ್ನು ತಮ್ಮ ಮೊಬೈಲಿನಲ್ಲಿ ಕೂಡಿಟ್ಟುಕೊಳ್ಳಬಾರದು. ಯಾರ ಒಟಿಪಿಯನ್ನೂ ತಾವು ಕೇಳಬಾರದು. ಅವರೇ ಓದಿ ಅವರೇ ಒತ್ತುವಂತೆ ಹೇಳಿಕೊಡಬೇಕು. 'ನಮ್ಮ ಹುಡುಗನೇ ಕೇಳಿದ್ದು' ಎಂದು ಒಟಿಪಿ ಹೇಳುವ ಅಭ್ಯಾಸವಾದವರು ನಾಳೆ ಬ್ಯಾಂಕಿನವರೆಂದು ಫೋನ್ ಮಾಡಿದವರಿಗೂ ಹೇಳುತ್ತಾರೆ.

ತರಬೇತಿ ಹೇಗಿರಬಹುದು?

ದೊಡ್ಡ ಖರ್ಚು ಬೇಕಾಗಿಲ್ಲ. ಆರೆಂಟು ಜನ, ಆರು ಭಾನುವಾರ, ದಿನಕ್ಕೆ ಮೂರು ತಾಸು ಸಾಕು. ಇಷ್ಟರಲ್ಲಿ ಉಪನ್ಯಾಸಕ್ಕೆ ಒಂದು ತಾಸಿಗಿಂತ ಹೆಚ್ಚು ಕೊಡಬಾರದು. ಉಳಿದದ್ದೆಲ್ಲ ಮಾಡಿ ಕಲಿಯುವುದು.

ನಾವು ಹೇಳುವ ಮೊದಲ ಅಭ್ಯಾಸ ಇದು. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ಕಲಿಸುವವರು, ಇನ್ನೊಬ್ಬರು ಮೊದಲ ಸಲ ನಮೂನೆ 8 ನೋಡುತ್ತಿರುವ ಖಾಲಾ. ಕಲಿಸುವವರು ಪೆನ್ನನ್ನಾಗಲಿ ಮೊಬೈಲನ್ನಾಗಲಿ ಮುಟ್ಟುವಂತಿಲ್ಲ, ಎರಡೂ ಕೈ ಬೆನ್ನ ಹಿಂದೆ. ಬಾಯಿಮಾತಿನಿಂದಲೇ ಫಾರ್ಮು ತುಂಬಿಸಬೇಕು. ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅರ್ಧ ತಾಸು ಹಿಡಿಯುತ್ತದೆ. ಹುಡುಗರಿಗೆ ಕೈ ತುರಿಸುತ್ತದೆ. ಆ ಅರ್ಧ ತಾಸನ್ನು ತಡೆದುಕೊಳ್ಳುವುದನ್ನು ಕಲಿತವರು ಕಲಿಸಲು ಯೋಗ್ಯರು.

ಇನ್ನೊಂದು ಅಭ್ಯಾಸ ದೂರನ್ನು ಪ್ರಶ್ನೆಯಾಗಿ ಮಾಡುವುದು. 'ನಮ್ಮ ಓಣಿಗೆ ಯಾರೂ ಏನೂ ಮಾಡಿಲ್ಲ' ಎಂದು ಗ್ರಾಮಸಭೆಯಲ್ಲಿ ಕೂಗಿದರೆ ಗದ್ದಲವಾಗುತ್ತದೆ, ನಡಾವಳಿಯಲ್ಲಿ ಒಂದು ಸಾಲೂ ಬರುವುದಿಲ್ಲ. ಅದೇ ಮಾತನ್ನು ತಿರುಗಿಸಿ 'ಎರಡನೇ ವಾರ್ಡಿನ ಮಸೀದಿ ಪಕ್ಕದ ಚರಂಡಿ ಕೆಲಸ ಈ ವರ್ಷದ ಕ್ರಿಯಾಯೋಜನೆಯಲ್ಲಿ ಇದೆಯೇ? ಇದ್ದರೆ ಎಷ್ಟು ಹಣ? ಇಲ್ಲದಿದ್ದರೆ ಸೇರಿಸಬೇಕೆಂದು ವಾರ್ಡಿನವರು ಕೇಳಿದ್ದನ್ನು ನಡಾವಳಿಯಲ್ಲಿ ಬರೆಯಿರಿ' ಎಂದರೆ ಪಿಡಿಒ ಉತ್ತರ ಕೊಡಲೇಬೇಕಾಗುತ್ತದೆ. ತರಬೇತಿಯಲ್ಲಿ ಒಬ್ಬರು ಪಿಡಿಒ, ಒಬ್ಬರು ಅಧ್ಯಕ್ಷೆ, ಒಬ್ಬರು ಗದ್ದಲ ಮಾಡುವ ಮುಖಂಡ, ಉಳಿದವರು ಜನ ಎಂದು ಸುಳ್ಳು ಸಭೆ ನಡೆಸಿ ನೋಡಬೇಕು. ನಗು ಬಂದೇ ಬರುತ್ತದೆ, ಬರಲಿ. ಕರಾವಳಿಯ ಕುಂದಾಪುರದ ಕಡೆ 1990ರ ದಶಕದಲ್ಲಿ ಮಕ್ಕಳ ಪಂಚಾಯತಿಗಳು ಶುರುವಾದವು. ಈಗ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ನಿಯಮವೇ ಇದೆ. ಎಂಟನೇ ತರಗತಿಯ ಮಕ್ಕಳು ನಿಂತು ಕೇಳಬಲ್ಲರೆಂದಾದರೆ ಅವರ ತಂದೆ ತಾಯಂದಿರು ಕೇಳಲಾರರೇ?

ನಾಲ್ಕನೇ ಭಾನುವಾರದ ಹೊತ್ತಿಗೆ ನಿಜವಾದ ವಾರ್ಡ್ ಸಭೆಯೋ ಗ್ರಾಮಸಭೆಯೋ ಬಂದರೆ ಗುಂಪಿನವರೆಲ್ಲ ಹೋಗಿ ಬಾಯಿ ಬಿಡದೆ ಕುಳಿತು ನೋಡಿ ಬರಬೇಕು. ಎಷ್ಟು ಜನ ಬಂದಿದ್ದರು, ಅದರಲ್ಲಿ ಹೆಂಗಸರೆಷ್ಟು, ಮಾತಾಡಿದ ಹೆಂಗಸರೆಷ್ಟು, ಯಾರ ಮಾತನ್ನು ಬರೆದುಕೊಂಡರು, ಯಾರದ್ದನ್ನು ಬಿಟ್ಟರು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ತರಬೇತಿಯ ದಿನ ಗೊತ್ತುಮಾಡುವ ಮೊದಲು ಪಂಚಾಯತಿಗೆ ಹೋಗಿ ಮುಂದಿನ ಸಭೆ ಯಾವಾಗ ಎಂದು ಕೇಳಿ ಬರುವುದು ಲೇಸು. ಕೇಳಲು ಹೋಗುವವರು ಒಬ್ಬ ಹುಡುಗಿಯಾಗಿರಲಿ, ಜೊತೆಗೆ ಅವಳ ಅಮ್ಮಿ ಇರಲಿ, ತಾರೀಖನ್ನು ಅಮ್ಮಿಯೇ ತಮ್ಮ ಕೈಯಿಂದ ಬರೆದುಕೊಂಡು ಬರಲಿ.